ತಂಪು ಪಾನೀಯ ಘಟಕದ ಹಳೆಯ ಕಟ್ಟಡ: ಅರ್ಜಿದಾರರು ಅರಿತಿರಬೇಕಾದ ಇತಿಹಾಸ

ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗಗಳಲ್ಲಿ ಹಳೆಯ ಕಾರ್ಖಾನೆ ಕಟ್ಟಡವನ್ನು ಕ್ರಯಕ್ಕೆ ಅಥವಾ ಬಾಡಿಗೆಗೆ ಪಡೆದು ಸೋಡಾ, ತಂಪು ಪಾನೀಯ ಅಥವಾ ಬಾಟಲಿ ನೀರಿನ ಘಟಕ ತೆರೆಯಲಿಚ್ಛಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ. ಕಟ್ಟಡ ಸ್ವಾಧೀನಕ್ಕೆ ಬಂದ ಮಾತ್ರಕ್ಕೆ ಅದರೊಡನೆ ಪರವಾನಗಿಯಾಗಲೀ ಅಂತರ್ಜಲ ಬಳಸುವ ಅನುಮತಿಯಾಗಲೀ ಬರುವುದಿಲ್ಲ. ನೆರೆಯ ಕೇರಳ ರಾಜ್ಯದ ಪ್ಲಾಚಿಮಡದಲ್ಲಿರುವ ಘಟಕದ ಇತಿಹಾಸವು ನೀರಿನ ವಿಷಯದ ಮಹತ್ವವನ್ನು ಸ್ಪಷ್ಟಪಡಿಸುತ್ತದೆ.

ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ ಹಿಂದೂಸ್ತಾನ್ ಕೋಕಾ-ಕೋಲಾ ಸಂಸ್ಥೆಯು ಪೆರುಮಾಟ್ಟಿ ಗ್ರಾಮ ಪಂಚಾಯಿತಿಯ ಪರವಾನಗಿ ಪಡೆದು, ಸುಮಾರು 34 ಎಕರೆ ಜಮೀನಿನಲ್ಲಿ 2000ನೇ ಇಸವಿಯಲ್ಲಿ ಉತ್ಪಾದನೆ ಆರಂಭಿಸಿತು. ಇಂತಹ ಘಟಕಗಳಲ್ಲಿ ಪಾನೀಯ ತಯಾರಿಕೆಗಲ್ಲದೆ, ಮರಳಿ ಬಂದ ಗಾಜಿನ ಬಾಟಲಿಗಳನ್ನು ತೊಳೆಯಲು ಸಹ ಹೇರಳ ನೀರು ಬೇಕಾಗುತ್ತದೆ. ಬಾವಿಗಳು ಬತ್ತುತ್ತಿವೆ, ನೀರು ಕುಡಿಯಲು ಯೋಗ್ಯವಾಗಿಲ್ಲವೆಂದು ದೂರಿ ಗ್ರಾಮಸ್ಥರು 2002ರ ಏಪ್ರಿಲ್ ತಿಂಗಳಿನಲ್ಲಿ ಧರಣಿ ಹೂಡಿದರು. 2003ರಲ್ಲಿ ಪಂಚಾಯಿತಿಯು ಪರವಾನಗಿ ನವೀಕರಣವನ್ನು ನಿರಾಕರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠವು ಅಂತರ್ಜಲವು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. 2004ರ ಮಾರ್ಚ್‌ನಲ್ಲಿ ಉತ್ಪಾದನೆ ನಿಂತಿತು. 2005ರಲ್ಲಿ ವಿಭಾಗೀಯ ಪೀಠವು ದಿನಕ್ಕೆ 5 ಲಕ್ಷ ಲೀಟರ್ ನೀರೆತ್ತಲು ಅವಕಾಶ ನೀಡಿದರೂ ಘಟಕ ಚೇತರಿಸಿಕೊಳ್ಳಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ್ದ ಉನ್ನತಾಧಿಕಾರ ಸಮಿತಿಯು 2010ರಲ್ಲಿ ಒಟ್ಟು ನಷ್ಟವನ್ನು ರೂ. 216.26 ಕೋಟಿ ಎಂದು ಅಂದಾಜಿಸಿತು. ಉತ್ಪಾದನೆ ಪುನರಾರಂಭಿಸುವ ಉದ್ದೇಶವಿಲ್ಲವೆಂದು ಸಂಸ್ಥೆಯು 2017ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಖಾಲಿ ಬಿದ್ದಿದ್ದ ಇದೇ ಕಟ್ಟಡವು 2021ರಲ್ಲಿ 550 ಹಾಸಿಗೆಗಳ ಕೋವಿಡ್ ಚಿಕಿತ್ಸಾ ಕೇಂದ್ರವಾಯಿತು.

ಆದ್ದರಿಂದ ಅರ್ಜಿದಾರರು ಮುಂಗಡ ಹಣ ಪಾವತಿಸುವ ಮುನ್ನ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

1. ಖಾತಾ, ಭೂಪರಿವರ್ತನಾ ಆದೇಶ ಮತ್ತು ತೆರಿಗೆ ರಸೀದಿಗಳು ಮಾಲೀಕರ ಹೆಸರಿನಲ್ಲಿ ಕ್ರಮಬದ್ಧವಾಗಿರುವುದು.

2. ಸ್ಥಳೀಯ ಸಂಸ್ಥೆಯ ಪರವಾನಗಿ. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸುವುದು.

3. ಕರ್ನಾಟಕ ಅಂತರ್ಜಲ ಅಧಿನಿಯಮ, 2011ರ ಮೇರೆಗೆ ಸದರಿ ಸ್ಥಳವು ಅಧಿಸೂಚಿತ ಪ್ರದೇಶದಲ್ಲಿದೆಯೇ ಎಂಬುದು. ಇದ್ದಲ್ಲಿ ಕೊಳವೆಬಾವಿ ಕೊರೆಸಲು ಪೂರ್ವಾನುಮತಿ ಕಡ್ಡಾಯ.

4. ತ್ಯಾಜ್ಯ ನೀರಿನ ವಿಲೇವಾರಿಗೆ ಸಂಬಂಧಿಸಿದಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ.

5. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರಡಿ ನೋಂದಣಿ ಅಥವಾ ಪರವಾನಗಿ.

ಹಿಂದಿನ ಮಾಲೀಕರ ಪರವಾನಗಿಯನ್ನು ನಂಬಿ ಯಂತ್ರೋಪಕರಣ ಖರೀದಿಸಿ ನಷ್ಟಕ್ಕೊಳಗಾಗದಂತೆ ಎಚ್ಚರ ವಹಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.