ಎದೆಯೊಳಗಿನ ಸಿಳ್ಳು

ಮಾಗಿಯ ಸಂಜೆ. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಹೆಸರಘಟ್ಟ ರಸ್ತೆಗೆ ಹೊರಳಿದರೆ ಬಾಗಲಗುಂಟೆಯವರೆಗೂ ವಾಹನಗಳದ್ದೇ ಸಾಲು. ಪೀಣ್ಯದ ಕಾರ್ಖಾನೆಗಳ ಪಾಳಿ ಬಿಟ್ಟಿದೆ. ಗಾರ್ಮೆಂಟ್ಸ್ ಹೆಂಗಸರು ಡಬ್ಬಿಯ ಚೀಲ ಹೆಗಲಿಗೇರಿಸಿ, ವೇಲಿನಲ್ಲಿ ಮೂಗು ಮುಚ್ಚಿಕೊಂಡು ಸರಸರ ನಡೆಯುತ್ತಾರೆ. ಗೋಬಿ ಗಾಡಿಯ ಬಾಣಲೆ ಹೊಗೆ, ಲಾರಿಯ ಡೀಸೆಲ್ ಹೊಗೆ, ಅಗೆದು ಮುಚ್ಚಿದ ರಸ್ತೆಯ ಧೂಳು ಮೂರೂ ಬೀದಿದೀಪದ ಕೆಳಗೆ ಒಂದಾಗಿ ತೇಲುತ್ತಿವೆ. ಯಾರೋ ಖಾಲಿ ಸೈಟಿನಲ್ಲಿ ತರಗೆಲೆಗೆ ಬೆಂಕಿ ಇಟ್ಟಿದ್ದಾರೆ. ಚಳಿಗಾಲದಲ್ಲಿ ಈ ಹೊಗೆ ಬೇಗ ಚದುರುವುದಿಲ್ಲ. ನೆಲದ ತಣ್ಣನೆ ಗಾಳಿಯನ್ನು ಮೇಲಿನ ಬೆಚ್ಚನೆ ಪದರ ಮುಚ್ಚಳದಂತೆ ಅದುಮಿ ಹಿಡಿದಿರುತ್ತದೆ.

ಮೊದಲ ಮಹಡಿಯ ಮಕ್ಕಳ ಕ್ಲಿನಿಕ್ಕಿನಲ್ಲಿ ಬೆಂಚು ತುಂಬಿದೆ. ಮೂಲೆಯಲ್ಲಿ ನೆಬುಲೈಸರ್ ಗುರ್ ಎನ್ನುತ್ತಿದೆ. ಆವಿಯ ಮಾಸ್ಕು ಕಟ್ಟಿಕೊಂಡ ಎರಡು ವರ್ಷದ ಕೂಸು ಅಪ್ಪನ ಎದೆಗೊರಗಿ ಕಣ್ಣು ಪಿಳಿಪಿಳಿ ಮಾಡುತ್ತದೆ. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗ. ಭುಜ ಮೇಲೆತ್ತಿ, ಎರಡೂ ಕೈ ಬೆಂಚಿಗೂರಿ ಕೂತಿದ್ದಾನೆ. ಉಸಿರು ಬಿಡುವಾಗ ಎದೆಯೊಳಗಿಂದ ಸಣ್ಣ ಸಿಳ್ಳು.

“ಹಗಲೆಲ್ಲಾ ಚೆನ್ನಾಗೇ ಇರ್ತಾನೆ ಮೇಡಂ. ರಾತ್ರಿ ಮೂರು ಗಂಟೆಗೆ ಎದ್ದು ಕೂತ್ಕೊಂಡ್ಬಿಡ್ತಾನೆ,” ಅನ್ನುತ್ತಾಳೆ ತಾಯಿ. ಈ ಮಾತನ್ನು ಇಲ್ಲಿ ಒಬ್ಬರಲ್ಲ ಒಬ್ಬರು ಹೇಳುತ್ತಲೇ ಇರುತ್ತಾರೆ. ನಸುಕಿಗೆ ಮುಂಚೆ ಎಲ್ಲರ ಶ್ವಾಸನಾಳವೂ ಒಂದಿಷ್ಟು ಕಿರಿದಾಗುತ್ತದೆ. ಅಸ್ತಮಾ ಇರುವ ಮಗುವಿನಲ್ಲಿ ಅದರ ಒಳಪದರ ಮೊದಲೇ ಊದಿಕೊಂಡಿರುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಉಳಿದ ಸಂದಿಗೆ ಲೋಳೆ ತುಂಬುತ್ತದೆ. ಒಳಗೆ ಹೋದ ಗಾಳಿಗೆ ಹೊರಬರಲು ದಾರಿ ಸಾಲದು.

ಡಾಕ್ಟರು ಔಷಧಿಗಿಂತ ಮೊದಲು ಮನೆಯ ಬಗ್ಗೆ ಕೇಳುತ್ತಾರೆ. ನಿಮ್ಮ ಕಡೆ ಯಾರಿಗಾದರೂ ಉಬ್ಬಸ ಇತ್ತೇನಮ್ಮಾ? ಮಗು ದಿನ ತುಂಬುವ ಮೊದಲೇ ಹುಟ್ಟಿತೇ? ಚಿಕ್ಕವನಿದ್ದಾಗ ಚರ್ಮದಲ್ಲಿ ತುರಿಕೆ, ಕಜ್ಜಿ? ಯಜಮಾನರು ಬೀಡಿ ಸಿಗರೇಟು ಸೇದುತ್ತಾರಾ? ತಾಯಿ ಒಂದೊಂದಕ್ಕೂ ತಡೆದು ತಡೆದು ಉತ್ತರ ಕೊಡುತ್ತಾಳೆ. ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆ, ಇರುವುದು ಒಂದೇ ಕಿಟಕಿ. ಮಳೆಗಾಲದಲ್ಲಿ ನೆನೆದ ಗೋಡೆಯಲ್ಲಿ ಕಪ್ಪು ಬೂಷ್ಟು ಇನ್ನೂ ಹೋಗಿಲ್ಲ. ಚಳಿ ಶುರುವಾಯಿತೆಂದು ಟ್ರಂಕಿನಿಂದ ತೆಗೆದ ರಗ್ಗು; ಅದರಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳುಗಳ ಸಂಸಾರ. ಶುಕ್ರವಾರ ಸಾಂಬ್ರಾಣಿ. ಸೊಳ್ಳೆಗೆ ದಿನವೂ ಕಾಯಿಲ್. ಒಂದು ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಆ ಅಂಕಿ ಓದಿದ ಮೇಲೆ ನಾನು ಸೊಳ್ಳೆಪರದೆ ತಂದೆ. ಈ ತಾಯಿಯನ್ನು ದೂರಲು ನನಗೆ ಬಾಯಿ ಬಾರದು. ಮಗುವಿಗೆ ಡೆಂಗಿ ಬರಬಾರದೆಂದೇ ಅವಳು ಅದನ್ನು ಹಚ್ಚಿದ್ದು.

ಬೆಂಗಳೂರಿಗೆ ಈ ಸಿಳ್ಳು ಹೊಸದಲ್ಲ. ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಇಪ್ಪತ್ತು ವರ್ಷ ಕೂತು ಲೆಕ್ಕವಿಟ್ಟವರು. ಅವರು ನೋಡಿದ 20,000 ಮಕ್ಕಳಲ್ಲಿ ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ನೂರಕ್ಕೆ 9. 1999ಕ್ಕೆ ಅದು 29.5. ಶಾಲೆಗಳಿಗೂ ಹೋಗಿ ನೋಡಿದರು. ವಾಹನ ದಟ್ಟಣೆಯ ಜಾಗದ ಶಾಲೆಗಳಲ್ಲಿ ನೂರಕ್ಕೆ 19 ದಾಟಿತ್ತು, ವಾಹನ ಕಡಿಮೆ ಇರುವ ಕಡೆ 11ರ ಆಸುಪಾಸು. ಮೆಟ್ರೊ ಕಂಬಗಳ ಕೆಳಗೆ ಲಾರಿಗಳು ಇಂಚಿಂಚು ಸರಿಯುವ ತುಮಕೂರು ರಸ್ತೆಯ ಪಕ್ಕ ನಿಂತಾಗಲೆಲ್ಲ ಆ ಎರಡು ಅಂಕಿ ನನ್ನನ್ನು ಕಾಡುತ್ತವೆ.

“ಪಂಪ್ ಮಾತ್ರ ಬೇಡ ಮೇಡಂ, ಒಂದ್ಸಲ ಹಿಡಿದ್ರೆ ಬಿಡಲ್ಲ ಅಂತಾರೆ ನಮ್ಮತ್ತೆ. ಮೃಗಶಿರಕ್ಕೆ ಹೈದರಾಬಾದಿಗೆ ಕರ್ಕೊಂಡೋಗಿ ಮೀನಿನ ಔಷಧಿ ಹಾಕ್ಸಣ ಅಂತಿದಾರೆ.”

ಹೊಗೆ, ಧೂಳಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಈ ಮಾತು. ಆ ಮೀನಿನ ಔಷಧಿ ಕೊಡುವ ಮೃಗಶಿರ ಮಳೆ ಬರುವುದು ಜೂನಿನಲ್ಲಿ. ಹುಡುಗನಿಗೆ ಉಸಿರು ಬೇಕಿರುವುದು ಇವತ್ತು ರಾತ್ರಿ. ಅವರು ಪಂಪ್ ಎನ್ನುವ ಇನ್ಹೇಲರ್ ಚಟ ಹತ್ತಿಸುವುದಿಲ್ಲ. ಅದರಲ್ಲಿ ಎರಡು ಬಗೆ. ಸಾಮಾನ್ಯವಾಗಿ ನೀಲಿ ಬಣ್ಣದ್ದು ಬಿಗಿದ ಸ್ನಾಯುವನ್ನು ಆ ಕ್ಷಣಕ್ಕೆ ಸಡಿಲಿಸುತ್ತದೆ. ಇನ್ನೊಂದು, ದಿನವೂ ತೆಗೆದುಕೊಳ್ಳಬೇಕಾದ್ದು, ಒಳಗಿನ ಊತ ಇಳಿಸುವಂಥದ್ದು. ಮಗು ಚೆನ್ನಾಗಿದೆಯೆಂದು ಮನೆಯವರು ಮೊದಲು ನಿಲ್ಲಿಸುವುದು ಅದನ್ನೇ. ಅದರಲ್ಲಿರುವ ಸ್ಟೆರಾಯ್ಡ್ ಎಂಬ ಹೆಸರಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಮಾತ್ರೆಯಲ್ಲಿ ಅದು ಮಿಲಿಗ್ರಾಂ ಲೆಕ್ಕ, ಇಲ್ಲಿ ಮೈಕ್ರೊಗ್ರಾಂ. ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಡಾಕ್ಟರು ಮೇಜಿನಿಂದ ಸ್ಪೇಸರ್ ಎತ್ತಿಕೊಂಡರು. ಚೊಂಬಿನಷ್ಟು ಉದ್ದದ ಪಾರದರ್ಶಕ ಕೊಳವೆ. ಅದಿಲ್ಲದೆ ಹೊಡೆದರೆ ಔಷಧಿಯ ಬಹುಪಾಲು ಗಂಟಲಿಗೇ ಅಂಟಿಕೊಳ್ಳುತ್ತದೆ. ನೀಲಿ ಇನ್ಹೇಲರ್ ಚೆನ್ನಾಗಿ ಅಲುಗಾಡಿಸಿ, ಸಿಕ್ಕಿಸಿ, ಒಂದು ಸಲ ಒತ್ತಿದರು. ಹುಡುಗ ನಿಧಾನ ಉಸಿರೆಳೆದ. ಒಳಗಿನ ಪುಟ್ಟ ಕವಾಟ ಟಿಕ್ ಟಿಕ್ ಎಂದಿತು. ತಾಯಿ ಬೆರಳು ಮಡಚಿ ಎಣಿಸುತ್ತಿದ್ದಳು: ಒಂದು, ಎರಡು, ಮೂರು…

ಐದಾರು ಉಸಿರಾದ ಮೇಲೆ ಮತ್ತೊಂದು ಪಫ್. ಹತ್ತು ನಿಮಿಷಕ್ಕೆ ಮೇಲೆದ್ದ ಭುಜ ಕೆಳಗಿಳಿಯಿತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗ ಡಾಕ್ಟರ ಕಡೆ ತಿರುಗಿದ.

“ಆಂಟಿ, ಪಿ.ಟಿ. ಪೀರಿಯಡ್‌ನಲ್ಲಿ ನನ್ನ ಕೂರಿಸ್ಬಿಡ್ತಾರೆ. ಇದು ತಗೊಂಡ್ರೆ ಓಡಬಹುದಾ?”

“ಇನ್ನೊಂದು ಪಂಪನ್ನ ದಿನಾ ತಪ್ಪಿಸದೆ ತಗೊಂಡ್ರೆ ಓಡ್ಬಹುದು ಪುಟ್ಟ,” ಎಂದರು ಅವರು. ಅಷ್ಟು ಸಾಕಾಯಿತು. ಅವನು ಬೆಂಚಿನ ಕೆಳಗಿದ್ದ ಚಪ್ಪಲಿಗೆ ಕಾಲು ತೂರಿಸತೊಡಗಿದ.