ಉಣ್ಣುವ ಬಾಯಿ, ಕಾಯುವ ಭೂಮಿ

1950ರಲ್ಲಿ ಸುಮಾರು 250 ಕೋಟಿಯಿದ್ದ ಲೋಕದ ಜನಸಂಖ್ಯೆಯು 2022ರ ನವೆಂಬರಿನಲ್ಲಿ 800 ಕೋಟಿಯನ್ನು ಮುಟ್ಟಿತು. ಮರುವರ್ಷವೇ ನಮ್ಮ ದೇಶವು ಚೀನವನ್ನು ಹಿಂದೆ ಹಾಕಿತು. ಭೂಮಂಡಲವು ಕಾಯುತ್ತಿರುವುದಕ್ಕೆ ಈ ಜನಬಾಹುಳ್ಯವೇ ಕಾರಣವೆಂದು ಬೋಧಿಸುವ ಪಾಶ್ಚಾತ್ಯ ಪಂಡಿತರು ಇಲ್ಲದಿಲ್ಲ. ನಮ್ಮಲ್ಲಿ ಹೆಣ್ಣೊಬ್ಬಳ ಸಂತಾನದ ಸರಾಸರಿಯು 2ಕ್ಕೆ ಇಳಿದಿರುವುದನ್ನು ಇವರು ಕಾಣರು. ತಲೆಯನ್ನೆಣಿಸುವವರು ತಟ್ಟೆಯನ್ನೂ ನೋಡಬೇಡವೇ? ಅಮೆರಿಕದಲ್ಲಿ ವರ್ಷಕ್ಕೆ ಒಬ್ಬೊಬ್ಬನ ಪಾಲಿಗೆ ಬರುವ ಮಾಂಸವು 100 ಕಿಲೋಗ್ರಾಮಿಗೂ ಮೀರಿದುದು. ನಮ್ಮಲ್ಲಿ ಅದು 10ಕ್ಕೂ ಏರದು. ಮೆಲುಕುಹಾಕುವ ದನಗಳ ಹೊಟ್ಟೆಯಿಂದ ಹೊರಡುವ ಮೀಥೇನ್ ಅನಿಲವು, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲಾಮ್ಲವಾಯುವಿಗಿಂತ 25 ಪಾಲಿಗೂ ಹೆಚ್ಚಾಗಿ ಶಾಖವನ್ನು ಹಿಡಿದಿಡುತ್ತದೆ.

ಇಷ್ಟರಿಂದ ನಾವು ನಿರ್ದೋಷಿಗಳೆಂದು ಬೀಗುವಂತಿಲ್ಲ. ನಮ್ಮ ಹಸು ಎಮ್ಮೆಗಳೂ ಮೆಲುಕುಹಾಕುವುವು. ನೀರು ನಿಂತ ಬತ್ತದ ಗದ್ದೆಯ ಕೆಸರಿನಿಂದಲೂ ಅದೇ ಅನಿಲವೇಳುವುದು. ರಾಗಿಯನ್ನುಣ್ಣುತ್ತಿದ್ದ ಮೈಸೂರು ಸೀಮೆಯವರು ಅನ್ನವೊಂದನ್ನೇ ಮರ್ಯಾದೆಯ ಊಟವೆಂದೆಣಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. (ನಮ್ಮ ಮನೆಯೂ ಇದಕ್ಕೆ ಹೊರತಲ್ಲ.) ನೀರು ನಿಲ್ಲಿಸಬೇಕಿಲ್ಲದ ರಾಗಿಯನ್ನು ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಗೆ ಸಮನಾಗಿ ಹಂಚುವುದೂ, ಗದ್ದೆಗೆ ನೀರನ್ನು ಬಿಟ್ಟು ಬಿಟ್ಟು ಹಾಯಿಸುವ ಕ್ರಮವನ್ನು ರೈತರಿಗೆ ಕಲಿಸುವುದೂ ಸರ್ಕಾರದ ಕೈಯಲ್ಲಿದೆ. ನಾಲೆಗೆ ನೀರು ಬಿಡುವ ಕಾಲವನ್ನು ಇಂಜಿನಿಯರರೇ ನಿಶ್ಚಯಿಸುತ್ತಿರುವಾಗ ರೈತನೊಬ್ಬನನ್ನೇ ದೂರಿ ಫಲವಿಲ್ಲ.