ವಾಸನೆಯ ಜಾಡು ಹಿಡಿದ ಒಬೈದ್ ಸಿದ್ದೀಕಿ

ಹಿಂದೂಪುರದ ಮಾರುಕಟ್ಟೆಯಲ್ಲಿ ಹುಣಸೆ, ಬೆಲ್ಲ, ಒಣಮೆಣಸಿನಕಾಯಿ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಆದರೆ ಅವು ಮಿದುಳಿಗೆ ಹೋಗುವ ದಾರಿ ಒಂದೇ ಅಲ್ಲ. ಬೆಲ್ಲದ ಪರಿಮಳವನ್ನು ಹಿಡಿಯುವುದು ಮೂಗಿನ ಮೇಲ್ಭಾಗದಲ್ಲಿರುವ ನರಕೋಶಗಳು. ಮೆಣಸಿನಕಾಯಿಯ ಘಾಟು ನಿಜಕ್ಕೂ ವಾಸನೆಯೇ ಅಲ್ಲ, ಉರಿ ಮತ್ತು ನೋವನ್ನು ತಿಳಿಸುವ ಬೇರೊಂದು ನರದ ಸುದ್ದಿ ಅದು. ಹೊರಗಿನ ಲೋಕವನ್ನು ಮಿದುಳು ಹೀಗೆ ವಿಂಗಡಿಸಿ ತಿಳಿಯುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿ ಒಬೈದ್ ಸಿದ್ದೀಕಿ.

ಹಿಂದೂಪುರದ ಬಳಿಯ ಪರಿಗಿ ಕಡೆಯಿಂದ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಬೆಂಗಳೂರಿಗೆ ಹೋಗುವವರಿಗೆ ಯಲಹಂಕದ ಮುಂದೆ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಸಿಗುತ್ತದೆ. ಸಿದ್ದೀಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಇರುವುದು ಅದರೊಳಗೇ.

ಕೆಟ್ಟಿದ್ದನ್ನು ನೋಡಿ ಕಲಿತದ್ದು

ಸಿದ್ದೀಕಿ ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಅಲಿಗಢದಲ್ಲಿ ಓದಿ, ಗ್ಲಾಸ್ಗೊದಲ್ಲಿ ಗ್ವಿದೊ ಪಾಂಟೆಕಾರ್ವೊ ಅವರ ಬಳಿ ಪಿಎಚ್.ಡಿ. ಮಾಡಿದರು. ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಬ್ಯಾಕ್ಟೀರಿಯಾದ ಜೀನ್‌ಗಳ ಮೇಲೆ ಕೆಲಸ ಮಾಡಿದರು. 1962ರಲ್ಲಿ ಹೋಮಿ ಭಾಭಾ ಕರೆದದ್ದರಿಂದ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು, ಅಲ್ಲಿ ಅಣುಜೀವವಿಜ್ಞಾನ ವಿಭಾಗ ಆರಂಭಿಸಿದರು.

ಎಪ್ಪತ್ತರ ದಶಕದಲ್ಲಿ ಅವರ ಗಮನ ನರಮಂಡಲದತ್ತ ತಿರುಗಿತು. ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರ್ ಜೊತೆ ಅವರು ವಿಚಿತ್ರ ಹಣ್ಣುನೊಣಗಳನ್ನು ಪರೀಕ್ಷಿಸಿದರು. ಕಾವು ಏರಿದರೆ ಈ ನೊಣಗಳು ಲಕ್ವ ಹೊಡೆದಂತೆ ಬೀಳುತ್ತವೆ, ತಂಪಾದೊಡನೆ ಎದ್ದು ಓಡಾಡುತ್ತವೆ. ಒಂದು ಜೀನ್ ಕೆಟ್ಟರೆ ನರದ ಸಂದೇಶವೇ ನಿಲ್ಲಬಹುದು ಎಂಬುದು ಇದರಿಂದ ಕಣ್ಣಿಗೆ ಕಂಡಿತು. 1976ರಲ್ಲಿ ಇಬ್ಬರೂ ಈ ಕೆಲಸವನ್ನು ಪ್ರಕಟಿಸಿದರು.

ಅದೇ ಉಪಾಯವನ್ನು ಸಿದ್ದೀಕಿ ವಾಸನೆ ಮತ್ತು ರುಚಿಗೆ ತಿರುಗಿಸಿದರು. ಕಳಿತ ಬಾಳೆಹಣ್ಣಿಗೆ ಮುತ್ತುವ ಈ ನೊಣ ಬೆಚ್ಚಗಿಟ್ಟರೆ ಹತ್ತು ದಿನಕ್ಕೆ ಮುಂದಿನ ಪೀಳಿಗೆ ಕೊಡುತ್ತದೆ. ಸಾವಿರಾರು ನೊಣ ಸಾಕಿ, ವಾಸನೆ ಹಿಡಿಯಲಾಗದವನ್ನು ಆರಿಸುವುದು ಕೆಲಸ. ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸ್ ಇದರಲ್ಲಿ ಜೊತೆಯಾದರು. ಕೀನ್ಯಾದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದಿ ಮುಂಬೈಗೆ ಬಂದವರು ಆಕೆ. 1978ರಲ್ಲಿ ಗುರುಶಿಷ್ಯರು ಪ್ರಕಟಿಸಿದ ಫಲಿತಾಂಶದ ತಿರುಳು ಇದು: ಜೀನ್ ಕೆಟ್ಟ ನೊಣಗಳಲ್ಲಿ ಕೆಲವು ಎಲ್ಲ ವಾಸನೆಯನ್ನೂ ಕಳೆದುಕೊಂಡಿರಲಿಲ್ಲ. ಒಂದು ಬಗೆಯ ವಾಸನೆ ತಿಳಿಯದ ನೊಣಕ್ಕೆ ಇನ್ನೊಂದು ಚೆನ್ನಾಗಿಯೇ ತಿಳಿಯುತ್ತಿತ್ತು. ಅಂದಮೇಲೆ ಬೇರೆ ಬೇರೆ ವಾಸನೆಗೆ ಬೇರೆ ಬೇರೆ ಬಾಗಿಲು ಇರಲೇಬೇಕು.

ಆ ಬಾಗಿಲುಗಳು ಕೈಗೆ ಸಿಕ್ಕಿದ್ದು ತಡವಾಗಿ. ಇಲಿಯಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಕಂಡುಹಿಡಿದರು, 2004ರಲ್ಲಿ ನೊಬೆಲ್ ಪಡೆದರು. ನೊಣದ ಗ್ರಾಹಕಗಳು ಸಿಗತೊಡಗಿದ್ದು 1999ರಲ್ಲಿ; ಅವುಗಳ ಜೀನ್‌ಗಳು ಒಟ್ಟು ಸುಮಾರು 60. ಒಂದೇ ಬಗೆಯ ಗ್ರಾಹಕವಿರುವ ನರಗಳೆಲ್ಲ ನೊಣದ ಮೀಸೆಯಿಂದ ಹೊರಟು ಮಿದುಳಿನ ಒಂದೇ ಗಂಟಿಗೆ ಬಂದು ಸೇರುತ್ತವೆ. ಇಂಥ ಗಂಟುಗಳು ಸುಮಾರು 50. ಯಾವ ವಾಸನೆಗೆ ಯಾವ ಗಂಟು ಚುರುಕಾಗುತ್ತದೆ ಎಂಬುದನ್ನು ರೋಡ್ರಿಗಸ್ ಎಂಬತ್ತರ ದಶಕದಲ್ಲೇ ತೋರಿಸಿದ್ದರು.

ಬೆಂಗಳೂರಿನ ಮನೆ

ತೊಂಬತ್ತರ ದಶಕದ ಆರಂಭದಲ್ಲಿ ಟಾಟಾ ಸಂಸ್ಥೆಯ ಅಂಗವಾಗಿ ಎನ್‌ಸಿಬಿಎಸ್ ಹುಟ್ಟಿತು, ಸಿದ್ದೀಕಿ ಅದರ ಮೊದಲ ನಿರ್ದೇಶಕರಾದರು. ಕೇಂದ್ರವು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಆಶ್ರಯ ಪಡೆದು ಆಮೇಲೆ ಜಿಕೆವಿಕೆಗೆ ಬಂತು. ಇಂದ್ರಿಯಗಳ ಪ್ರಶ್ನೆಯೂ ಇಲ್ಲಿ ಕವಲೊಡೆಯಿತು. ಇಲಿ ತನ್ನ ಎರಡು ಹೊಳ್ಳೆಗಳನ್ನು ಹೋಲಿಸಿ ವಾಸನೆ ಎಡದಿಂದಲೋ ಬಲದಿಂದಲೋ ಎಂದು ಒಂದೆರಡು ಉಸಿರಿನಲ್ಲೇ ತಿಳಿಯುತ್ತದೆ ಎಂದು ಉಪಿಂದರ್ ಭಲ್ಲಾ ಅವರ ತಂಡ 2006ರಲ್ಲಿ ತೋರಿಸಿತು. ಪತಂಗ ಹಾರುವಾಗ ಮೀಸೆಯೇ ಅದರ ಸಮತೋಲ ಕಾಯುತ್ತದೆ ಎಂದು ಕಂಡುಕೊಂಡ ಸಂಜಯ್ ಸಾಣೆ ಇಲ್ಲಿ ಕೀಟಗಳ ಹಾರಾಟವನ್ನು ಅಧ್ಯಯನ ಮಾಡುತ್ತಾರೆ.

ನಿರ್ದೇಶಕನ ಕುರ್ಚಿ ಬಿಟ್ಟ ಮೇಲೂ ಸಿದ್ದೀಕಿ ಪ್ರಯೋಗಾಲಯ ಬಿಡಲಿಲ್ಲ. ನೊಣದ ಮರಿಹುಳು ಒಂದು ವಾಸನೆಯನ್ನು ವಿದ್ಯುತ್ ಪೆಟ್ಟಿನೊಂದಿಗೆ ಜೋಡಿಸಿಕೊಂಡು ಅದರಿಂದ ದೂರ ಸರಿಯಲು ಕಲಿಯುತ್ತದೆ ಎಂಬ ಅಧ್ಯಯನ ಬಂದದ್ದು 2009ರಲ್ಲಿ, ಅವರಿಗೆ 77 ವರ್ಷವಾಗಿದ್ದಾಗ. 2006ರಲ್ಲಿ ಪದ್ಮವಿಭೂಷಣ ಬಂದಿತ್ತು. ಸರೋದ್ ನುಡಿಸುವ ಹವ್ಯಾಸವೂ ಇತ್ತು. 2013ರ ಜುಲೈನಲ್ಲಿ ಬೆಂಗಳೂರಿನ ರಸ್ತೆ ಅಪಘಾತವೊಂದರಲ್ಲಿ ಗಾಯಗೊಂಡು ತೀರಿಕೊಂಡರು.

ನೊಣದ ಮೂಗಿನಿಂದ ನಮಗೇನು ಲಾಭ ಎಂದು ಕೇಳುವವರಿದ್ದಾರೆ. ಹಿಂದೂಪುರ ಸೀಮೆಯ ರೇಷ್ಮೆ ಬೆಳೆಗಾರರಿಗೆ ಉತ್ತರ ಹತ್ತಿರದಲ್ಲೇ ಇದೆ. ಹೆಣ್ಣು ರೇಷ್ಮೆ ಪತಂಗ ಗಂಡನ್ನು ಕರೆಯುವುದು ವಾಸನೆಯಿಂದ. ಆ ರಾಸಾಯನಿಕವನ್ನು ಗುರುತಿಸಲು ಜರ್ಮನಿಯ ಬುಟೆನಾಂಟ್ ತಂಡ ಸುಮಾರು ಐದು ಲಕ್ಷ ಪತಂಗಗಳನ್ನು ಬಳಸಿತು. 1959ರಲ್ಲಿ ಅದು ಸಿಕ್ಕಾಗ, ಕೀಟಗಳ ಇಂಥ ಸಂಕೇತವೊಂದರ ರಚನೆ ಮೊದಲ ಸಲ ತಿಳಿಯಿತು. ಇಂದು ಮಾವಿನ ತೋಟದಲ್ಲಿ ಕಟ್ಟುವ ಮೋಹಕ ಬಲೆಯೂ ಕೀಟದ ಮೂಗನ್ನೇ ನಂಬಿದೆ. ಸಿದ್ದೀಕಿ ಬಲೆ ಮಾಡಿದವರಲ್ಲ. ಆ ಬಲೆಗೆ ಕೀಟ ಏಕೆ ಬೀಳುತ್ತದೆ ಎಂದು ಕೇಳಿದವರು, ಕೇಳುತ್ತಲೇ ಇರಲೆಂದು ಒಂದು ಸಂಸ್ಥೆಯನ್ನು ಕಟ್ಟಿದವರು.